ಮೊದಲು ಖಾಲಿ ಡಬ್ಬಿ ತೂಗಿ

(ರಾಷ್ಟ್ರೀಯ ವಿಜ್ಞಾನ ದಿನದಂದು ಧಾರವಾಡದ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸ)

ಪ್ರಾಚಾರ್ಯರೇ, ಅಧ್ಯಾಪಕ ಮಿತ್ರರೇ, ಹಿಂದಿನ ಸಾಲುಗಳನ್ನು ಮೊದಲು ತುಂಬಿಸಿ ಕುಳಿತಿರುವ ವಿದ್ಯಾರ್ಥಿಗಳೇ,

ಫೆಬ್ರುವರಿ 28ರಂದು ರಾಮನ್ ಅವರ ಬಗ್ಗೆ ಮಾತನಾಡುವುದು ವಾಡಿಕೆ. 1928ರ ಆ ಕಥೆ ನಿಮಗೆ ಬಾಯಿಪಾಠ. ಅದಕ್ಕೆ ನಾನು ಬೆಳಿಗ್ಗೆ ನಿಮ್ಮ ವರಾಂಡದಲ್ಲಿ ಕಂಡ ಎರಡು ಮೇಜುಗಳ ಬಗ್ಗೆ ಹೇಳುತ್ತೇನೆ. ತೀರ್ಪುಗಾರನಾಗಿ ಹೋದವನು ಜಗಳ ಮಾಡಿಕೊಂಡು ಬಂದಿದ್ದೇನೆ.

ಮೊದಲ ಮೇಜಿನ ಮೇಲೆ ಎರಡು ಸೀಸೆ. ಎರಡರಲ್ಲೂ ಹೊಂಗೆ ಎಣ್ಣೆಯಿಂದ ಮಾಡಿದ ಬಯೋಡೀಸೆಲ್. ನಮ್ಮ ಕಡೆ ಹುಲಗಲ ಎನ್ನುತ್ತಾರಲ್ಲ, ಅದೇ ಮರದ್ದು. ಒಂದರಲ್ಲಿ ಉಕ್ಕಿನ ತುಂಡು, ಇನ್ನೊಂದರಲ್ಲಿ ತಾಮ್ರದ ತುಂಡು. ತಾಮ್ರವಿದ್ದ ಸೀಸೆಯ ದ್ರವ ಹಸಿರಾಗಿತ್ತು. ಪಕ್ಕದ ಮೇಜಿನಲ್ಲಿ ಮಲೇರಿಯಾ ಪತ್ತೆಹಚ್ಚುವ ಪಟ್ಟಿಯ ಥರ್ಮಾಕೋಲ್ ಮಾದರಿ. ಗುಂಡಿ ಒತ್ತಿದರೆ ಕೆಂಪು ದೀಪದ ಒಂದು ಗೆರೆ ಹೊತ್ತಿಕೊಳ್ಳುತ್ತದೆ, ರೋಗ ಇದೆ ಎಂದು. ಎರಡೂ ಕಡೆ ನಾನು ಕೇಳಿದ್ದು ಒಂದೇ: “ಖಾಲಿ ಡಬ್ಬಿ ಎಲ್ಲಿ?” ಮುದುಕರು ಊಟದ ಡಬ್ಬಿ ಕಳೆದುಕೊಂಡಿದ್ದಾರೆ ಎಂದುಕೊಂಡು ಒಬ್ಬ ಹುಡುಗ ಹುಡುಕಲು ಓಡಿದ. ಒಳ್ಳೆಯ ಹುಡುಗ, ಅವನಿಗೆ ಎರಡು ಅಂಕ ಹೆಚ್ಚು ಕೊಟ್ಟಿದ್ದೇನೆ.

ಡಬ್ಬಿಯ ಕಥೆ ಗದಗಿನದು. ನಮ್ಮ ತಾಯಿ ತಿಂಗಳಿಗೊಮ್ಮೆ ಶೇಂಗಾ ಎಣ್ಣೆ ತರಲು ಮಿಲ್ಲಿಗೆ ಹೋಗುವಾಗ ಡಬ್ಬಿ ಹೊರಲು ನನ್ನನ್ನು ಕರೆದೊಯ್ಯುತ್ತಿದ್ದರು. ಎಣ್ಣೆ ಸುರಿಯುವ ಮೊದಲು “ಖಾಲಿ ಡಬ್ಬಿ ತೂಗಿರಿ” ಎನ್ನುತ್ತಿದ್ದರು. ಗುಮಾಸ್ತ ಗೊಣಗುತ್ತಿದ್ದ: “ಅಕ್ಕಾ, ಹೋದ ತಿಂಗಳೂ ಇದೇ ಡಬ್ಬಿ, ತೂಕ ಬರೆದಿಟ್ಟಿದ್ದೇನೆ.” ತಾಯಿ ಜಗ್ಗುತ್ತಿರಲಿಲ್ಲ. ಒಂದು ಸಲ ನಾಚಿಕೆಯಾಗಿ ನಾನೇ ಅವನ ಪರ ವಾದಿಸಿದೆ. ತೂಗಿ ನೋಡಿದರೆ ಡಬ್ಬಿ ಹೋದ ತಿಂಗಳಿಗಿಂತ ಭಾರವಾಗಿತ್ತು! ತಾಯಿ ನನ್ನ ಬೆರಳನ್ನು ಹಿಡಿದು ಡಬ್ಬಿಯ ತಳಕ್ಕೆ ಒತ್ತಿದರು. ಹಳೆಯ ಎಣ್ಣೆ ಗೋಂದಿನಂತೆ ಅಂಟಿಕೊಂಡಿತ್ತು. ಸೋಪು ಹಚ್ಚಿ ತಿಕ್ಕಿದರೂ ಸಂಜೆಯವರೆಗೆ ಬೆರಳು ಜಿಗುಟು.

ಆ ಜಿಗುಟು ಏನೆಂದು ತಿಳಿಯಲು ನಾನು ಎಂ.ಎಸ್ಸಿ. ಮಾಡಬೇಕಾಯಿತು. ಎಣ್ಣೆಯ ಅಣುವಿನಲ್ಲಿ ದ್ವಿಬಂಧಗಳಿರುತ್ತವೆ, ಅಂದರೆ ಎರಡು ಪರಮಾಣುಗಳ ನಡುವಿನ ಜೋಡಿ ಕೊಂಡಿಗಳು. ಗಾಳಿಯ ಆಮ್ಲಜನಕ ಅಲ್ಲಿ ಕೈಹಾಕುತ್ತದೆ. ಆಗ ಆಮ್ಲಗಳು ಹುಟ್ಟುತ್ತವೆ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗೋಂದಾಗುತ್ತವೆ. ಎಣ್ಣೆಯನ್ನು ಮೆಥನಾಲ್ ಜೊತೆ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿ ಬಯೋಡೀಸೆಲ್ ಮಾಡಿದರೂ ಆ ದ್ವಿಬಂಧಗಳು ಅಲ್ಲೇ ಉಳಿಯುತ್ತವೆ. ಹಳೆಯ ಬಯೋಡೀಸೆಲ್ ಎಂಜಿನ್ನಿನ ಫಿಲ್ಟರನ್ನು ಮುಚ್ಚಿಬಿಡುವುದು ನಮ್ಮ ಡಬ್ಬಿಯ ಕಥೆಯೇ. ಅಂದ ಹಾಗೆ, 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಓಡಿದ್ದು ಶೇಂಗಾ ಎಣ್ಣೆಯಿಂದ. ಗದಗಿನವರು ಹೆಮ್ಮೆಪಡಬಹುದು, ಎಣ್ಣೆ ನಮ್ಮದಲ್ಲದಿದ್ದರೂ!

ಇನ್ನು ಆ ಹಸಿರು ಸೀಸೆ. “ಸರ್, ಬಯೋಡೀಸೆಲ್ ತಾಮ್ರವನ್ನು ತಿಂದಿದೆ” ಎಂದಳು ಹುಡುಗಿ. ನಿಜವೇ. ಆದರೆ ತಾಮ್ರವೂ ಬಯೋಡೀಸೆಲ್ಲನ್ನು ಕೆಡಿಸುತ್ತದೆ. ಆಮ್ಲಜನಕ ಕೈಹಾಕುವ ಆ ಕ್ರಿಯೆಗೆ, ಅಂದರೆ ಆಕ್ಸಿಡೀಕರಣಕ್ಕೆ, ಅದೇ ಕುಮ್ಮಕ್ಕು ಕೊಡುತ್ತದೆ. ಹಿತ್ತಾಳೆ, ಸತುವು, ಸೀಸಗಳೂ ಅದೇ ಜಾತಿ. ಹಾಗಾದರೆ ಆಮ್ಲ ಎಷ್ಟು ತಾನಾಗಿ ಹುಟ್ಟಿತು, ಎಷ್ಟು ತಾಮ್ರದಿಂದ ಹುಟ್ಟಿತು? ಹೇಳಲು ಮೂರನೆಯ ಸೀಸೆ ಬೇಕು. ಅದೇ ದ್ರವ, ಅದೇ ಕಿಟಕಿ, ಲೋಹ ಮಾತ್ರ ಇಲ್ಲ. ಪ್ರಯೋಗಾಲಯದಲ್ಲಿ ಅದನ್ನು ಬ್ಲ್ಯಾಂಕ್ ಎನ್ನುತ್ತೇವೆ. ನನಗೆ ಅದು ಖಾಲಿ ಡಬ್ಬಿ.

ಇದನ್ನು ಹೇಳುವ ನಾನೇ ಒಮ್ಮೆ ಎಡವಿದ್ದೇನೆ. ವಿದ್ಯಾರ್ಥಿಗಳ ಯೋಜನೆಯೊಂದರಲ್ಲಿ ಉಕ್ಕಿನ ತುಂಡನ್ನು ವಾರಗಟ್ಟಲೆ ಇಂಧನದಲ್ಲಿಟ್ಟು, ತೆಗೆದು, ಆಮ್ಲದಲ್ಲಿ ತೊಳೆದು ತೂಗಿದೆವು. ನಾಲ್ಕು ಮಿಲಿಗ್ರಾಂ ಕಡಿಮೆಯಾಗಿತ್ತು. ಸಂಭ್ರಮವೋ ಸಂಭ್ರಮ. ಆಮೇಲೆ ಇಂಧನವನ್ನೇ ಕಾಣದ ತುಂಡೊಂದನ್ನು ಅದೇ ಆಮ್ಲದಲ್ಲಿ ತೊಳೆದರೆ ಅದೂ ಮೂರು ಮಿಲಿಗ್ರಾಂ ಕಳೆದುಕೊಂಡಿತು. ಇಂಧನ ತಿಂದದ್ದು ಒಂದು, ನಾನು ತಿಂದದ್ದು ಮೂರು. ತಾಯಿ ಇದ್ದಿದ್ದರೆ ಬೆರಳು ಹಿಡಿದು ಎಲ್ಲಿ ಒತ್ತುತ್ತಿದ್ದರೋ!

ಪಕ್ಕದ ಮೇಜಿಗೆ ಬರೋಣ. ನಿಜವಾದ ಪಟ್ಟಿಯಲ್ಲಿ ಕನಿಷ್ಠ ಎರಡು ಗೆರೆಗಳಿಗೆ ಜಾಗವಿರುತ್ತದೆ: ಟಿ ಎಂದರೆ ಟೆಸ್ಟ್, ಸಿ ಎಂದರೆ ಕಂಟ್ರೋಲ್. ರಕ್ತದಲ್ಲಿ ಮಲೇರಿಯಾ ಪರಾವಲಂಬಿಯ ಪ್ರೋಟೀನ್ ಇದ್ದರೆ, ಪ್ರತಿಕಾಯಕ್ಕೆ (ಆ ಪ್ರೋಟೀನನ್ನು ಗುರುತಿಸಿ ಹಿಡಿಯುವ ಅಣುವಿಗೆ) ಕಟ್ಟಿದ ಚಿನ್ನದ ಅತಿಸೂಕ್ಷ್ಮ ಕಣಗಳು ಅದನ್ನು ಹಿಡಿದುಕೊಂಡು ಹರಿದುಬಂದು ಟಿ ಗೆರೆಯಲ್ಲಿ ನಿಲ್ಲುತ್ತವೆ. ಆ ಗಾತ್ರದಲ್ಲಿ ಚಿನ್ನ ಕೆಂಪು. ಮನೆಗೆ ಹೋಗಿ ಕೆರೆದು ನೋಡಬೇಡಿ, ಮೂಗುತಿಗೂ ಸಾಲದು. ಸಿ ಗೆರೆ ಮಾತ್ರ ರೋಗವಿರಲಿ ಬಿಡಲಿ ಮೂಡಲೇಬೇಕು. ಮೂಡದಿದ್ದರೆ ಪಟ್ಟಿ ಬಿಸಾಡಿ, ಇನ್ನೊಂದು ತೆಗೆಯಿರಿ. “ಜನರಿಗೆ ಗೊಂದಲವಾಗುತ್ತದೆ ಎಂದು ಸಿ ಗೆರೆ ಬಿಟ್ಟಿದ್ದೇವೆ ಸರ್” ಎಂದರು ಮಕ್ಕಳು. ನನ್ನ ಜಗಳ ಶುರುವಾದದ್ದು ಅಲ್ಲಿ. ಸಿ ಗೆರೆಯಿಲ್ಲದ ಪಟ್ಟಿಯ ಮೇಲೆ ಏನೂ ಕಾಣದಿದ್ದರೆ ರೋಗ ಇಲ್ಲವೋ, ಪಟ್ಟಿ ಬಿಸಿಲಿಗೆ ಕೆಟ್ಟಿದೆಯೋ, ಯಾರು ಹೇಳುತ್ತಾರೆ? ಹಾಗೆಂದು ಸಿ ಗೆರೆಯ ಮೇಲೂ ಪೂರ್ತಿ ಭಾರ ಹಾಕಬೇಡಿ. ದ್ರವ ಹರಿಯಿತು, ಕಾರಕಗಳು ಕೆಲಸ ಮಾಡಿದವು ಎಂದಷ್ಟೇ ಅದರ ಸಾಕ್ಷ್ಯ; ರಕ್ತ ಸಾಕಷ್ಟು ಬಿತ್ತು ಎಂದಲ್ಲ.

ಇನ್ನೊಂದು ಲೆಕ್ಕವಿದೆ. ಸಾವಿರ ಜನರಲ್ಲಿ ಒಬ್ಬರಿಗೆ ಮಾತ್ರ ಇರುವ ರೋಗ. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಹೇಳುವ ಪರೀಕ್ಷೆ. ಸಾವಿರ ಜನರಿಗೂ ಮಾಡಿದರೆ ರೋಗ ಇರುವ ಒಬ್ಬರ ಜೊತೆಗೆ ಇಲ್ಲದ ಸುಮಾರು ಹತ್ತು ಜನರೂ ಸಿಕ್ಕಿಬೀಳುತ್ತಾರೆ. ಇಲ್ಲಿ ಖಾಲಿ ಡಬ್ಬಿ ಎಂದರೆ ಆರೋಗ್ಯವಂತರ ಆ ದೊಡ್ಡ ಗುಂಪು...

ಚೀಟಿ ಬಂತು. ಐದು ನಿಮಿಷವಂತೆ. ಟೈಫಾಯ್ಡಿನ ವಿಡಾಲ್ ಪರೀಕ್ಷೆಯ ಬಗ್ಗೆ ಅರ್ಧ ಗಂಟೆ ಹೇಳುವುದಿತ್ತು. ಹಳೆಯ ಸೋಂಕಿಗೂ ಲಸಿಕೆಗೂ ಅದು ಹೌದೆನ್ನಬಹುದು, ಒಂದೇ ವರದಿ ಹಿಡಿದು ಗಾಬರಿಯಾಗಬೇಡಿ ಎಂದು ಮುಂದೆ ಹೋಗುತ್ತೇನೆ. ಇಂಧನ ಹರಿಯುವ ರಬ್ಬರ್ ಕೊಳವೆಗಳ ಮಾತೂ ಉಳಿಯಿತು: ನೈಟ್ರೈಲ್ ರಬ್ಬರ್ ಬಯೋಡೀಸೆಲ್‌ನಲ್ಲಿ ಉಬ್ಬುತ್ತದೆ, ಫ್ಲೋರಿನ್ ಇರುವ ರಬ್ಬರ್ ತಾಳುತ್ತದೆ.

ಶೇಕಡಾ 20 ಎಥನಾಲ್ ಪೆಟ್ರೋಲಿನಿಂದ ಸ್ಕೂಟರ್ ಹಾಳಾಗುತ್ತದೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲಿ ಒಂದು ಭಾಗ ಶಕ್ತಿ ಕಡಿಮೆ, ಅದು ನೀರನ್ನೂ ಎಳೆದುಕೊಳ್ಳುತ್ತದೆ. ಇಷ್ಟು ಖಚಿತ. ನಿಮ್ಮ ಸ್ಕೂಟರಿನ ವಿಷಯ ಹೇಳಬೇಕಾದರೆ ಅದೇ ಮಾದರಿಯ ಇನ್ನೊಂದು ಸ್ಕೂಟರ್, ಬರೀ ಪೆಟ್ರೋಲಿನಲ್ಲಿ, ಅದೇ ಹುಬ್ಬಳ್ಳಿ ರಸ್ತೆಯ ಅದೇ ಗುಂಡಿಗಳ ಮೇಲೆ ಓಡಬೇಕು. ಓಡಿಸಿದವರು ಇದ್ದರೆ ಕೈ ಎತ್ತಿ.

ಯಾರೂ ಇಲ್ಲ. ಸರಿ.

ತಾಮ್ರದ ಹುಡುಗಿ ಮೂರನೆಯ ಸೀಸೆಯೊಂದಿಗೆ ನಾಳೆಯಿಂದ ಎಲ್ಲವನ್ನೂ ಹೊಸದಾಗಿ ಇಡುತ್ತೇನೆ ಎಂದಿದ್ದಾಳೆ. ತುಂಡುಗಳನ್ನು ಸಾವಿರ ಗಂಟೆ ಇಡುತ್ತಾಳಂತೆ, ಎಂದರೆ ಸುಮಾರು ನಲವತ್ತೆರಡು ದಿನ. ಏಪ್ರಿಲ್ ಎರಡನೆಯ ವಾರಕ್ಕೆ ಮುಗಿಯುತ್ತದೆ. ಆಗ ಅವಳಿಗೆ ಪರೀಕ್ಷೆಯಂತೆ. ತೂಗಲು ನಾನು ಬರುತ್ತೇನೆ, ಪ್ರಾಚಾರ್ಯರು ಪ್ರಯೋಗಾಲಯದ ಬೀಗದ ಕೈ ಕೊಟ್ಟರೆ.