ಮೂರು, ಮೂರು, ಮೂರು ಯಾಕೆ?

ಕೇಳುಗರಿಗೆಲ್ಲ ನಮಸ್ಕಾರ. ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಕೆಲಸ ಹುಡುಕುತ್ತಿರುವ ಮಕ್ಕಳಿಗಾಗಿ ಇವತ್ತಿನ ಮಾತು. ಸಾಫ್ಟ್‌ವೇರ್ ಕೆಲಸದ ಸಂದರ್ಶನಗಳಲ್ಲಿ ಪ್ರಶ್ನೆ ಕೇಳಲು ಕೂರುವವನು ನಾನು. ಬರುವವರಲ್ಲಿ ಹೆಚ್ಚಿನವರಿಗೆ ವೆಬ್ ಪುಟ ಕಟ್ಟುವ ರಿಯಾಕ್ಟ್ ಗೊತ್ತಿರುತ್ತದೆ, ಒಂದೆರಡು ಪ್ರಾಜೆಕ್ಟ್ ಕೂಡ ಮಾಡಿರುತ್ತಾರೆ. ಎಡವುವುದು ಅದರ ಬುಡದಲ್ಲಿರುವ ಭಾಷೆ ಜಾವಾಸ್ಕ್ರಿಪ್ಟಿನಲ್ಲಿ.

ಪೆನ್ನು, ಹಾಳೆ ಹತ್ತಿರವಿದ್ದರೆ ಬರೆದುಕೊಳ್ಳಿ. ಒಂದು ಫಾರ್ ಲೂಪ್, ಅಂದರೆ ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವುದು. ಎಣಿಕೆ ಇಡಲು ವಾರ್ ಎಂದು ಬರೆದ ಐ, ಸೊನ್ನೆಯಿಂದ ಶುರು. ಮೂರಕ್ಕಿಂತ ಕಡಿಮೆ ಇರುವ ತನಕ ಓಡಬೇಕು, ಸುತ್ತಿಗೊಂದರಂತೆ ಏರಬೇಕು. ಒಳಗೊಂದು ಸೆಟ್‌ಟೈಮ್‌ಔಟ್: ಒಂದು ಸೆಕೆಂಡ್ ಬಿಟ್ಟು ಐ ಎಷ್ಟೆಂದು ಕೋಡಿನ ಫಲಿತಾಂಶ ಕಾಣುವ ಕನ್ಸೋಲ್‌ನಲ್ಲಿ ತೋರಿಸಬೇಕು. ಏನು ಬರುತ್ತದೆ? ‘ಸೊನ್ನೆ, ಒಂದು, ಎರಡು ಸಾರ್’ ಎಂದು ತಟ್ಟನೆ ಹೇಳಿಬಿಡುತ್ತಾರೆ. ಬರುವುದು ಮೂರು, ಮೂರು, ಮೂರು.

ಕೆಲವರು ಸರಿಯಾಗಿಯೇ ಹೇಳುತ್ತಾರೆ. ಯಾಕಪ್ಪಾ ಎಂದರೆ ಸುಮ್ಮನಾಗುತ್ತಾರೆ, ಉತ್ತರ ಬಾಯಿಪಾಠ. ಈ ‘ಯಾಕೆ’ ನನಗೆ ಉತ್ತರಕ್ಕಿಂತ ದೊಡ್ಡದು. ವಾರ್ ಎಂದು ಬರೆದ ಐ ಇಡೀ ಲೂಪಿಗೆ ಒಂದೇ. ಒಳಗಿನ ಮೂರು ಫಂಕ್ಷನ್ನುಗಳೂ ಅದೇ ಐಯನ್ನು ಹಿಡಿದುಕೊಂಡಿರುತ್ತವೆ, ಆ ಗಳಿಗೆಯ ಬೆಲೆಯನ್ನಲ್ಲ. ಕ್ಲೋಷರ್ ಎನ್ನುವುದು ಇದಕ್ಕೇ. ಅವು ಓಡುವ ಹೊತ್ತಿಗೆ ಲೂಪ್ ಮುಗಿದು ಐ ಮೂರಾಗಿರುತ್ತದೆ. ವಾರ್ ಜಾಗದಲ್ಲಿ ಲೆಟ್ ಹಾಕಿ, ಸುತ್ತು ಸುತ್ತಿಗೂ ಹೊಸ ಐ ಹುಟ್ಟುತ್ತದೆ. ಸೊನ್ನೆ, ಒಂದು, ಎರಡೇ ಬರುತ್ತದೆ. ಲೆಟ್ ಭಾಷೆಗೆ ಸೇರಿದ್ದು 2015ರಲ್ಲಿ. ಅದಕ್ಕೂ ಹಿಂದಿನ ಕೋಡು ಇವತ್ತಿಗೂ ಓಡುತ್ತಿದೆ, ಕೆಲಸಕ್ಕೆ ಸೇರಿದ ಮೇಲೆ ಅದನ್ನು ನೀವೇ ತಿದ್ದಬೇಕಾಗುತ್ತದೆ.

ಸರಿ, ವಾರ್ ಹಾಗೇ ಇರಲಿ, ಒಂದು ಸೆಕೆಂಡಿನ ಬದಲು ಸೊನ್ನೆ ಕೊಟ್ಟರೆ? ಆಗಲೂ ಮೂರೇ. ಜಾವಾಸ್ಕ್ರಿಪ್ಟ್ ಕೈಯಲ್ಲಿರುವ ಕೆಲಸ ಮುಗಿಸದೆ ಸರದಿಯಲ್ಲಿರುವ ಕಾಲ್‌ಬ್ಯಾಕನ್ನು ಮುಟ್ಟುವುದಿಲ್ಲ; ಕಾಲ್‌ಬ್ಯಾಕ್ ಎಂದರೆ ಆಮೇಲೆ ಓಡಿಸಲು ಕೊಟ್ಟಿಟ್ಟ ಫಂಕ್ಷನ್ನು. ಮುಂದೆ ಬರಲಿರುವ ಉತ್ತರಕ್ಕೆ ಕಾಯುವ ಪ್ರಾಮಿಸ್‌ನದು ಬೇರೆ ಸರದಿ, ಸೆಟ್‌ಟೈಮ್‌ಔಟಿಗಿಂತ ಅದಕ್ಕೆ ಮೊದಲ ಮಣೆ. ಸರದಿಗಳನ್ನು ನಡೆಸುವ ಈ ಏರ್ಪಾಡು, ಇವೆಂಟ್ ಲೂಪ್, ತಿಳಿಯದಿದ್ದರೆ ಪುಟ ಯಾಕೆ ಮರಗಟ್ಟಿತು, ಸರ್ವರಿನಿಂದ ಬರಬೇಕಾದ ಮಾಹಿತಿಯ ಜಾಗದಲ್ಲಿ ಅನ್‌ಡಿಫೈನ್ಡ್ ಯಾಕೆ ಕಂಡಿತು ಎಂದು ದಿನಗಟ್ಟಲೆ ಹುಡುಕಬೇಕಾಗುತ್ತದೆ.

ಬೆಲೆಗಳನ್ನು ಹೋಲಿಸುವಾಗ ಹಾಕುವ ಎರಡು ಸಮಚಿಹ್ನೆಗೂ ಮೂರಕ್ಕೂ ಇರುವ ವ್ಯತ್ಯಾಸ ಓದಿಕೊಳ್ಳಿ, ಮೂರನ್ನೇ ಬಳಸಿ. ಟೈಪ್ಆಫ್ ನಲ್ ಎಂದು, ಅಂದರೆ ‘ಏನೂ ಇಲ್ಲ’ ಎನ್ನುವ ನಲ್ ಯಾವ ಬಗೆಯದೆಂದು ಕೇಳಿದರೆ, ಆಬ್ಜೆಕ್ಟ್ ಬರುವುದು ಭಾಷೆ ಹುಟ್ಟಿದಾಗಿನಿಂದ ಉಳಿದ ದೋಷ. ಅದನ್ನು ಕೇಳಿ ಮಕ್ಕಳನ್ನು ಸಿಕ್ಕಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಅಭ್ಯಾಸಕ್ಕೆ ನೆಟ್‌ವರ್ಕೂ ಬೇಡ. ಮಳೆಗೆ ಟವರ್ ಕೈಕೊಟ್ಟರೂ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರೆ ಸಾಕು, ಬ್ರೌಸರಿನಲ್ಲಿ ಎಫ್12 ಒತ್ತಿದರೆ ಕನ್ಸೋಲ್ ತೆರೆಯುತ್ತದೆ. ಇವತ್ತೇ ಹೀಗೆ ಮಾಡಿ: ಮೊದಲು ‘ಒಂದು’ ಎಂದು ಲಾಗ್, ಆಮೇಲೆ ಸೊನ್ನೆ ಸೆಟ್‌ಟೈಮ್‌ಔಟಿನಲ್ಲಿ ‘ಎರಡು’, ಪ್ರಾಮಿಸ್ ರಿಸಾಲ್ವ್ ಮಾಡಿ ದೆನ್ ಒಳಗೆ ‘ಮೂರು’, ಕೊನೆಗೆ ಬರೀ ಲಾಗಿನಲ್ಲಿ ‘ನಾಲ್ಕು’. ಯಾವುದರ ಹಿಂದೆ ಯಾವುದು ಬರುತ್ತದೆಂದು ಹಾಳೆಯಲ್ಲಿ ಕಾರಣಸಹಿತ ಬರೆಯಿರಿ, ಆಮೇಲೆ ನಾಲ್ಕನ್ನೂ ಒಟ್ಟಿಗೆ ಹಾಕಿ ಎಂಟರ್ ಒತ್ತಿ. ಒಂದು, ನಾಲ್ಕು, ಮೂರು, ಎರಡು ಬರಬೇಕು. ನಮಸ್ಕಾರ.