ಓಡುತ್ತಿರುವ ಜಾವಾ ಯಾವುದು?

ಎಲ್ಲರಿಗೂ ನಮಸ್ಕಾರ. ಹಿಂಜವಡಿ, ಖರಾಡಿ ಕಡೆಯಿಂದ ಶನಿವಾರದ ಟ್ರಾಫಿಕ್ ದಾಟಿ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿ. ಗ್ರೇಡಲ್ ಅಂದರೆ ಬರೆದ ಕೋಡನ್ನು ಆ್ಯಪ್ ಆಗಿ ಕಟ್ಟುವ, ಅಂದರೆ ಬಿಲ್ಡ್ ಮಾಡುವ ಟೂಲ್, ಅದು ಓಡುವುದು ಜಾವಾ ಮೇಲೆ ಅಂತ ಪುಣೆಯ ಈ ಸಭೆಗೆ ನಾನು ಹೇಳಬೇಕಿಲ್ಲ. ಹೇಳಲೇಬೇಕಾದ ಮಾತು ಒಂದಿದೆ. ಬಿಲ್ಡ್ ಫೇಲ್ ಆದ ಕೂಡಲೇ ಏನನ್ನೂ ಅಳಿಸಬೇಡಿ, ಏನನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಈಗ ನಿಜಕ್ಕೂ ಓಡುತ್ತಿರುವುದು ಜಾವಾದ ಯಾವ ವರ್ಷನ್ ಅಂತ ಮೊದಲು ನೋಡಿ.

ನಮ್ಮ ಟೀಮಿಗೆ ಧಾರವಾಡದ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಳು. ಕೈಗೆ ಹೊಸ ಮ್ಯಾಕ್ ಬಂತು, ಅದರಲ್ಲಿ ಜಾವಾ 21 ಹಾಕಿಕೊಂಡಳು. ಪ್ರಾಜೆಕ್ಟಿನ ಗ್ರೇಡಲ್ 7.6. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಬಿಲ್ಡ್ ಕೊಟ್ಟರೆ ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65’ ಅಂತ ಕೆಂಪು ಸಾಲು, ಅಂದರೆ ಈ ಜಾವಾ ವರ್ಷನ್ ನನಗೆ ಹೊಂದುವುದಿಲ್ಲ ಅಂತ. ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಕ್ಯಾಶ್, ಅಂದರೆ ಗ್ರೇಡಲ್ ಇಳಿಸಿ ಇಟ್ಟುಕೊಂಡ ಫೈಲುಗಳನ್ನು, ಅಳಿಸು ಅಂದರು, ಅಳಿಸಿದಳು. ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳು, ಅಂದರೆ ಡಿಪೆಂಡೆನ್ಸಿಗಳೆಲ್ಲ ಮತ್ತೆ ಡೌನ್‌ಲೋಡ್ ಆದವು, ಎರರ್ ಅಲ್ಲೇ ಇತ್ತು. ಜಾವಾ 17 ಹಾಕು ಅಂದರು, ಅದನ್ನೂ ಹಾಕಿದಳು. ಅದೇ 65. ಸಂಜೆ ನನ್ನ ಹತ್ತಿರ ಬಂದು, “ಸರ್, ಸ್ಟುಡಿಯೋದಾಗ ಬಿಲ್ಡ್ ಆಗತೈತ್ರಿ, ಟರ್ಮಿನಲ್‌ದಾಗ ಆಗವಲ್ದು” ಅಂದಳು. ಕಣ್ಣಲ್ಲಿ ನೀರೇ ಬಂದಿತ್ತು.

ಸುಳಿವು ಅವಳ ಆ ಮಾತಿನಲ್ಲೇ ಇತ್ತು. ಆ್ಯಪ್ ಬರೆಯಲು ಬಳಸುವ ಆಂಡ್ರಾಯ್ಡ್ ಸ್ಟುಡಿಯೋ ತನ್ನ ಜೊತೆಗೇ ಬಂದ ಜಾವಾ ಬಳಸುತ್ತಿತ್ತು. ಅದು 17, ಗ್ರೇಡಲ್ 7.6ಕ್ಕೆ ಹೊಂದುತ್ತದೆ. ಟರ್ಮಿನಲ್‌ನದು ಬೇರೆ ಜಾವಾ. ಡಾಟ್ ಸ್ಲ್ಯಾಷ್ ಗ್ರೇಡಲ್‌ಡಬ್ಲ್ಯೂ, ಮುಂದೆ ಡ್ಯಾಶ್ ಡ್ಯಾಶ್ ವರ್ಷನ್ ಅಂತ ಹೊಡೆಸಿದೆ. ಗ್ರೇಡಲ್ ಓಡುತ್ತಿರುವ ಜಾವಾ ಯಾವುದು ಅಂತ ತೋರಿಸುವ ಜೆವಿಎಂ ಅನ್ನುವ ಸಾಲಿನಲ್ಲಿ 21 ಅಂತ ಬಂತು. ‘17 ಹಾಕೀನಲ್ರಿ’ ಅಂದಳು. ಹಾಕಿದ್ದು ನಿಜ. ಯಾವ ಜಾವಾ ಬಳಸಬೇಕು ಅಂತ ಹೇಳುವ ಜಾವಾ ಹೋಮ್ ಸಾಲನ್ನೂ ಬರೆದಿದ್ದಳು, ಆದರೆ ಬ್ಯಾಷ್‌ಆರ್‌ಸಿ ಫೈಲಿನಲ್ಲಿ. ಅದು ಬ್ಯಾಷ್ ಅನ್ನುವ ಶೆಲ್ಲಿನ ಫೈಲು, ಶೆಲ್ ಅಂದರೆ ಟರ್ಮಿನಲ್ ಒಳಗೆ ಕಮಾಂಡ್ ಓದುವ ಪ್ರೋಗ್ರಾಂ. 2019ರ ಮ್ಯಾಕ್ ಓಎಸ್ ಕ್ಯಾಟಲಿನಾದಿಂದ ಮ್ಯಾಕಿನ ಮಾಮೂಲಿ ಶೆಲ್ ಝಡ್‌ಶೆಲ್. ಅದು ಆ ಫೈಲನ್ನು ಓದುವುದೇ ಇಲ್ಲ. ಜಾವಾ ಹೋಮ್ ಇಲ್ಲದಿದ್ದರೆ ಮ್ಯಾಕ್ ಇರುವುದರಲ್ಲಿ ದೊಡ್ಡ ವರ್ಷನ್ನನ್ನೇ ಎತ್ತಿಕೊಳ್ಳುತ್ತದೆ. ಹಾಗಾಗಿ 17 ಹಾಕಿದರೂ 21 ಕದಲಲಿಲ್ಲ. ಆ ಒಂದು ಸಾಲನ್ನು ಝಡ್‌ಶೆಲ್ ಓದುವ ಫೈಲಾದ ಝಡ್‌ಎಸ್‌ಎಚ್‌ಆರ್‌ಸಿಗೆ ಸಾಗಿಸಿ ಹೊಸ ಟರ್ಮಿನಲ್ ತೆಗೆದೆವು. ಬಿಲ್ಡ್ ಆಯಿತು. ಇಡೀ ದಿನದ ಕೆಲಸ ಹಾಳಾಗಿದ್ದು ಯಾರೂ ಆ ಜೆವಿಎಂ ಸಾಲು ನೋಡದೇ ಇದ್ದದ್ದಕ್ಕೆ, ಅಲ್ವಾ?

ಇನ್ನೊಂದು. ಎರರ್‌ನಲ್ಲಿರುವ ನಂಬರಿಗೆ ಹೆದರಬೇಡಿ, 44 ಕಳೆಯಿರಿ. 65 ಅಂದರೆ ಜಾವಾ 21. 61 ಅಂದರೆ 17. 55 ಅಂದರೆ 11. ಗ್ರೇಡಲ್ ಜಾವಾ 17ರ ಮೇಲೆ ಓಡಲು 7.3 ಬೇಕು, 21ಕ್ಕೆ 8.5 ಬೇಕು. ಆಂಡ್ರಾಯ್ಡ್ ಆ್ಯಪ್ ಕಟ್ಟಲು ಗ್ರೇಡಲ್ ಬಳಸುವ ಆಂಡ್ರಾಯ್ಡ್ ಪ್ಲಗಿನ್ 8.0ಗೆ ಕಡೇಪಕ್ಷ ಗ್ರೇಡಲ್ 8.0, ಜಾವಾ 17 ಬೇಕು. ಒಂದನ್ನು ಎತ್ತಿದರೆ ಉಳಿದವೂ ಏಳಬೇಕು. ರಿಲೀಸ್ ಹಿಂದಿನ ದಿನ ಸ್ಟುಡಿಯೋ ‘ಅಪ್‌ಗ್ರೇಡ್ ಮಾಡಲಾ’ ಅಂತ ಕೇಳಿದರೆ, ದಯವಿಟ್ಟು ಬೇಡ ಅನ್ನಿ.

ಟೂಲ್‌ಚೈನ್ ಬಗ್ಗೆ ಮುಂದಿನ ಸಾಲಿನವರು ಆಗಲೇ ಕೇಳಿದರು. ಬಿಲ್ಡ್ ಫೈಲಿನಲ್ಲಿ ಟೂಲ್‌ಚೈನ್ 17 ಅಂತ ಬರೆದರೆ ನಿಮ್ಮ ಕೋಡ್ ಕಂಪೈಲ್ ಆಗುವುದು 17ರಲ್ಲಿ. ಗ್ರೇಡಲ್ ತಾನು ಓಡುವ ಜಾವಾ ಬೇರೆ ಇರಬಹುದು. ಅಲ್ಲೂ ಅದೇ ಪ್ರಶ್ನೆ, ಓಡುತ್ತಿರುವುದು ಯಾವುದು?

ವರ್ಷನ್ ಇರಬೇಕಾದ್ದು ಕೋಡಿನ ಜೊತೆಗೆ. ಸೀನಿಯರ್ ಒಬ್ಬರ ನೆನಪಿನಲ್ಲಿದ್ದರೆ ಸಾಲದು. ಗ್ರೇಡಲ್ ರ‍್ಯಾಪರ್ ಇರುವುದೇ ಇದಕ್ಕೆ, ಪ್ರಾಜೆಕ್ಟಿಗೆ ಬೇಕಾದ ಗ್ರೇಡಲ್ ವರ್ಷನ್ನನ್ನು ತಾನೇ ತಂದು ಓಡಿಸುತ್ತದೆ. ಆಗ ಹೊಡೆಸಿದ ಗ್ರೇಡಲ್‌ಡಬ್ಲ್ಯೂ ಇದೇ. ಅದರ ಪ್ರಾಪರ್ಟೀಸ್ ಫೈಲು, ಜಾರ್ ಫೈಲು ಎರಡನ್ನೂ ಕೋಡ್ ಇಡುವ ಗಿಟ್‌ಗೆ ಸೇರಿಸಿ. ಮಷೀನಿನಲ್ಲಿರುವ ಗ್ರೇಡಲ್ ಬಿಟ್ಟು ರ‍್ಯಾಪರನ್ನೇ ಓಡಿಸಿ. ಹೊಸಬರಿಗೆ ಮೊದಲ ದಿನವೇ ಇದನ್ನು ತೋರಿಸಿ. ಊರು ಬಿಟ್ಟು ಬಂದ ಮಕ್ಕಳು ‘ನನಗೇ ಬರುವುದಿಲ್ಲ’ ಅಂತ ಅಂದುಕೊಂಡು ಕೂರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಚೀಟಿ ಬಂತು, ಟೈಮ್ ಆಯಿತಂತೆ. ಬೇಗ ಹೇಳುತ್ತೇನೆ. ಗ್ರೇಡಲ್ ಥರದ್ದೇ ಇನ್ನೊಂದು ಬಿಲ್ಡ್ ಟೂಲ್ ಆದ ಮೇವನ್‌ನವರು ಎಂವಿಎನ್ ಡ್ಯಾಶ್ ವಿ ನೋಡಿ, ಅದು ಬಳಸುವ ಜಾವಾ ಅಲ್ಲೇ ಕಾಣುತ್ತದೆ. ಜಾವಾಸ್ಕ್ರಿಪ್ಟ್ ಓಡಿಸಲು ನೋಡ್ ಬಳಸುವವರೇ, ಬೇಕಾದ ನೋಡ್ ವರ್ಷನ್ ಹೇಳುವ ಪ್ಯಾಕೇಜ್ ಫೈಲಿನ ಎಂಜಿನ್ಸ್ ಸಾಲು ಅದರ ಪ್ಯಾಕೇಜ್ ಟೂಲ್ ಆದ ಎನ್‌ಪಿಎಂನಲ್ಲಿ ಸುಮ್ನೆ ಎಚ್ಚರಿಕೆ ಕೊಡುತ್ತದೆ ಅಷ್ಟೇ, ತಪ್ಪು ವರ್ಷನ್ನನ್ನು ತಡೆಯಬೇಕಾದರೆ ಎಂಜಿನ್ ಸ್ಟ್ರಿಕ್ಟ್ ಆನ್ ಮಾಡಿ. ಬಿಲ್ಡ್ ಆಗದ ಲ್ಯಾಪ್‌ಟಾಪ್ ತಂದವರು ಚಹಾ ಹೊತ್ತಿಗೆ ಈ ಟೇಬಲ್ ಹತ್ತಿರ ಬನ್ನಿ, ಬರುವ ಮುಂಚೆ ಆ ವರ್ಷನ್ ಕಮಾಂಡ್ ಓಡಿಸಿ ಇಟ್ಟುಕೊಂಡಿರಿ.