ಆಂಪ್ ನಾಬ್ ಇಳಿಸಿದ ಮಾತ್ರಕ್ಕೆ ಸ್ಪೀಕರ್ ಉಳಿಯುವುದಿಲ್ಲ

ನಮಸ್ಕಾರ. ಊರೂರಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರು, ಆರ್ಕೆಸ್ಟ್ರಾ, ನಾಟಕ ಅಂತ ರಾತ್ರಿಯಿಡೀ ಮಿಕ್ಸರ್ ಮುಂದೆ ಕೂರುವ ಹುಡುಗರು, ಇವತ್ತು ನನ್ನ ಮಾತು ನಿಮಗೆ. ಮಿಕ್ಕವರೂ ಕೇಳಿ, ಬೇಡ ಅನ್ನುವುದಿಲ್ಲ. ಹೇಳಬೇಕಾದ್ದು ಒಂದೇ. ಆಂಪ್ಲಿಫೈಯರ್ ಮುಂದಿನ ನಾಬ್ ಇಳಿಸಿದರೆ ಅದರ ಪವರ್ ಇಳಿಯುವುದಿಲ್ಲ. ಸ್ಪೀಕರನ್ನು ಕಾಪಾಡುವುದು ಲಿಮಿಟರ್, ಅಂದರೆ ಸಿಗ್ನಲ್ ಒಂದು ಮಟ್ಟ ದಾಟದಂತೆ ತಡೆಯುವ ಸೆಟ್ಟಿಂಗ್, ನಾಬ್ ಅಲ್ಲ.

"ಆಂಪ್ 800 ವಾಟ್ಸ್, ಸ್ಪೀಕರ್ 450, ಅದಕ್ಕೇ ನಾಬ್ ಅರ್ಧಕ್ಕೆ ಇಟ್ಟಿದ್ದೀನಿ ಸಾರ್" ಅಂತ ಎಷ್ಟೋ ಜನ ಧೈರ್ಯವಾಗಿ ಹೇಳುತ್ತಾರೆ. ಆ ನಾಬ್ ಒಳಗೆ ಬರುವ ಸಿಗ್ನಲ್ಲನ್ನು ತಗ್ಗಿಸುತ್ತದೆ, ಅಷ್ಟೇ. ಗೇಟ್ ವಾಲ್ವ್ ಅರ್ಧ ಮುಚ್ಚಿದರೂ ಹಿಂದಿನಿಂದ ಮೋಟರ್ ಜೋರಾಗಿ ತಳ್ಳಿದರೆ ನೀರು ಬಂದೇ ಬರುತ್ತದಲ್ಲ, ಹಾಗೆ. ಮಿಕ್ಸರ್‌ನಲ್ಲಿ ಸೌಂಡ್ ಏರಿಸುವ ಫೇಡರ್ ಮೇಲೆ ತಳ್ಳಿದರೆ ಅದೇ 800 ವಾಟ್ಸ್ ಆಚೆ ಬರುತ್ತದೆ.

ಒಂದು ಗಣೇಶೋತ್ಸವದ ಆರ್ಕೆಸ್ಟ್ರಾ ಕಥೆ ಹೇಳಲೇಬೇಕು. ಸೌಂಡ್‌ನವರು ನನಗೆ ಗೊತ್ತಿರುವವರು, ಕೇಬಲ್ ಕೂಡ ಒರೆಸಿ ಸುತ್ತಿಡುವ ಮನುಷ್ಯ. ನಾಬ್ ಅರ್ಧಕ್ಕೆ ಇಟ್ಟು, ಯಾರೂ ಮುಟ್ಟದಿರಲಿ ಅಂತ ಮೇಲೆ ಟೇಪ್ ಬೇರೆ ಅಂಟಿಸಿದ್ದರು. ಡ್ಯಾನ್ಸ್ ಹಾಡು ಶುರುವಾಯಿತು ನೋಡಿ, ಕಮಿಟಿಯವರು "ಸೌಂಡೇ ಇಲ್ಲ, ಏರಿಸ್ರೀ" ಅಂತ ಬಂದರು. ಹುಡುಗ ಮಾಸ್ಟರ್ ಏರಿಸಿದ. ಮತ್ತೆ ಬಂದರು, ಮತ್ತೆ ಏರಿಸಿದ. ಆಂಪ್ ಮಿತಿ ಮೀರಿದೆ ಅಂತ ಹೇಳುವ ಕ್ಲಿಪ್ ದೀಪ ಕೆಂಪಗೆ ಉರಿಯುತ್ತಿದೆ, ಆದರೆ ಆಂಪ್ ಇರುವುದು ಸ್ಟೇಜ್ ಹಿಂದೆ, ನೋಡುವವರು ಯಾರು? ಅಷ್ಟರಲ್ಲಿ ಗಾಯಕರು ಮೈಕ್ ಹಿಡಿದುಕೊಂಡು ಸ್ಪೀಕರ್ ಮುಂದೆಯೇ ಹೋದರು, ಕುಂಯ್ ಅಂತ ಒಂದು ಉದ್ದನೆಯ ಸೀಟಿ, ಎಡಗಡೆ ಬಾಕ್ಸ್‌ನಲ್ಲಿ ಟ್ರೆಬಲ್ ಕೊಡುವ ಹಾರ್ನ್ ಹೋಯಿತು. ಹಾರ್ನ್ ಹೋದರೆ ಹಾಡು ಮಂಕಾಗುತ್ತದೆ ಅಲ್ವಾ, ಹುಡುಗ ಟ್ರೆಬಲ್ ಜಾಸ್ತಿ ಮಾಡಿದ. ಬಲಗಡೆಯದೂ ಹೋಯಿತು!

ಮಾರನೇ ದಿನ ಫೋನ್. "ಡೂಪ್ಲಿಕೇಟ್ ಮಾಲು ಕೊಟ್ಟು ಮೋಸ ಮಾಡಿದ್ದಾರೆ." ಹೋಗಿ ಬಿಚ್ಚಿದರೆ ಹಾರ್ನ್ ಒಳಗಿನ ಕಾಯಿಲ್ ಕರ್ರಗೆ ಸುಟ್ಟಿದೆ. ಸ್ಪೀಕರ್‌ಗೆ ಹೋಗುವ ಪವರ್‌ನಲ್ಲಿ ಶಬ್ದವಾಗುವುದು ಒಂದು ಚೂರು, ಮಿಕ್ಕಿದ್ದೆಲ್ಲ ಬಿಸಿ. ಮಾಲು ಒರಿಜಿನಲ್ಲೇ. ಅವರು ಒಪ್ಪಲಿಲ್ಲ, ಟೇಪ್ ತೋರಿಸಿದರು. ಸರಿ ಅಂತ ಸ್ಪೀಕರ್ ವೈರ್ ಬಿಚ್ಚಿಸಿ, 50 ಹರ್ಟ್ಸ್ ಟೋನ್ ಕೊಟ್ಟು, ಆಂಪ್ ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿದೆ. ನಾಬ್ ಫುಲ್ ಇಟ್ಟರೆ 80 ವೋಲ್ಟ್. ನಾಬ್ ಅರ್ಧಕ್ಕಿಳಿಸಿ ಫೇಡರ್ ಏರಿಸಿದರೆ ಮತ್ತೆ ಅದೇ 80 ವೋಲ್ಟ್. ಮೀಟರ್ ನೋಡಿದರು, ಟೇಪ್ ನೋಡಿದರು, ಏನೂ ಮಾತಾಡದೆ ಟೇಪ್ ಕಿತ್ತು ಹಾಕಿದರು.

ಅಯ್ಯೋ, ಟೈಮ್ ಆಗುತ್ತಾ ಬಂತು. ಲೆಕ್ಕ ಬರೆದುಕೊಳ್ಳಿ. ಸ್ಪೀಕರ್ ವಾಟ್ಸ್ ಮತ್ತು ಓಮ್ಸ್ ಗುಣಿಸಿ, ವರ್ಗಮೂಲ ತೆಗೆಯಿರಿ. 450 ವಾಟ್ಸ್, 8 ಓಮ್ಸ್, ಗುಣಿಸಿದರೆ 3600, ಅದರ ವರ್ಗಮೂಲ 60. ಆ ಸ್ಪೀಕರ್‌ಗೆ 60 ವೋಲ್ಟ್ ಮೀರಬಾರದು. ಎರಡು ಬಾಕ್ಸ್ ಪ್ಯಾರಲಲ್ ಹಾಕಿದರೂ 60 ವೋಲ್ಟೇ. ಬಾಕ್ಸ್ ಹಿಂದೆ ದಪ್ಪಕ್ಷರದಲ್ಲಿ 1800 ಪೀಕ್ ಅಂತ ಇರುತ್ತದೆ, ಅದು ಮಾರುವವರಿಗೆ ಬೇಕಾದ ನಂಬರು. ನೀವು ಆರ್‌ಎಂಎಸ್, ಅಂದರೆ ಸ್ಪೀಕರ್ ಸತತವಾಗಿ ತಡೆಯುವ ವಾಟ್ಸ್, ನೋಡಿ.

ಈಗ ಆಂಪ್ ಆಫ್ ಮಾಡಿ ಸ್ಪೀಕರ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ. ಮಿಕ್ಸರ್‌ಗೂ ಆಂಪ್‌ಗೂ ನಡುವೆ ಪ್ರೊಸೆಸರ್ ಇರುತ್ತದಲ್ಲ, ಲಿಮಿಟರ್ ಇರುವುದು ಅದರಲ್ಲೇ. ಅದರಲ್ಲಿ ಬಾಸ್, ಟ್ರೆಬಲ್ ಬೇರೆ ಮಾಡುವ ಕ್ರಾಸ್‌ಓವರ್ ತೆಗೆದು 50 ಹರ್ಟ್ಸ್ ಟೋನ್ ಕೊಡಿ. ಮೀಟರ್ ಎಸಿ ವೋಲ್ಟ್‌ಗೆ ಇಡಿ, ಟರ್ಮಿನಲ್‌ಗೆ ಕೈ ತಾಗಿಸಬೇಡಿ, ಶಾಕ್ ಹೊಡೆಯುತ್ತದೆ. ಆಂಪ್ ನಾಬ್ ಫುಲ್ ಇರಲಿ. ಹೌದು, ಫುಲ್! ಅರ್ಧಕ್ಕಿಟ್ಟು ಸೆಟ್ ಮಾಡಿದರೆ, ಆಮೇಲೆ ಯಾರಾದರೂ ತಿರುಗಿಸಿದಾಗ ಲೆಕ್ಕವೆಲ್ಲ ಹಾಳು. ಟೋನ್ ಜೋರು ಮಾಡಿ, ಲಿಮಿಟರ್ ಥ್ರೆಶೋಲ್ಡ್, ಅಂದರೆ ಅದು ತಡೆಯಲು ಶುರು ಮಾಡುವ ಮಟ್ಟ, ಇಳಿಸುತ್ತಾ ಬನ್ನಿ, ಮೀಟರ್ 60ಕ್ಕೆ ಬಂದಾಗ ಬಿಡಿ. ಈಗ ಫೇಡರ್ ಎಷ್ಟು ಏರಿಸಿದರೂ ಮುಳ್ಳು 60 ದಾಟಬಾರದು. ಆಮೇಲೆ ಕ್ರಾಸ್‌ಓವರ್ ವಾಪಸ್ ಹಾಕಿ, ಮರೆಯಬೇಡಿ.

ಹಾರ್ನ್‌ಗೆ ಬೇರೆ ಆಂಪ್ ಇದ್ದರೆ ಅದಕ್ಕೆ ಬೇರೆ ಲೆಕ್ಕ, ಅದರ ವಾಟ್ಸ್ ತೀರಾ ಕಮ್ಮಿ. ಬಾಸ್ ಬಾಕ್ಸ್‌ಗೆ 35 ಹರ್ಟ್ಸ್ ಹತ್ತಿರ ಹೈಪಾಸ್ ಹಾಕಿ ಅದಕ್ಕಿಂತ ಕೆಳಗಿನ ಶಬ್ದ ತಡೆಯಿರಿ, ಇಲ್ಲದಿದ್ದರೆ ಕೋನ್ ಸುಮ್ನೆ ಒದ್ದಾಡುತ್ತದೆ. ಆನ್ ಮಾಡುವಾಗ ಆಂಪ್ ಕೊನೆಗೆ, ಆಫ್ ಮಾಡುವಾಗ ಆಂಪ್ ಮೊದಲು. ಪ್ರೊಸೆಸರ್‌ಗೆ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿ, ಆ ಪಾಸ್‌ವರ್ಡ್ ಆಪರೇಟರ್ ಹುಡುಗನಿಗೂ ಕೊಡಬೇಡಿ. ನಮಸ್ಕಾರ.